ಏರಿ ಹೋಗಿ ಇಳಿದು ಬರುವ ರಾಕೆಟ್ಟು

2022ನೆಯ ಇಸವಿ ಮೇ ತಿಂಗಳ 6ನೆಯ ದಿನ. ಅಮೆರಿಕದ ಫ್ಲಾರಿಡ ಪ್ರಾಂತದ ಕಡಲ ತೀರದಲ್ಲಿ ಬೆಳಗಿನ ಝಾವ 5 ಗಂಟೆ 42 ನಿಮಿಷ. ಸೂರ್ಯೋದಯಕ್ಕೆ ಇನ್ನೂ ಮುಕ್ಕಾಲು ಗಂಟೆಗಿಂತ ಹೆಚ್ಚು ಕಾಲವಿದ್ದಿತು. ಕೆನಡಿ ಅಂತರಿಕ್ಷ ಕೇಂದ್ರದ 39-ಎ ಎಂಬ ಉಡಾವಣೆ ಕಟ್ಟೆಯ ಮೇಲೆ 70 ಮೀಟರು ಎತ್ತರದ ಒಂದು ಬಿಳಿಯ ಕಂಬ ನಿಂತಿದ್ದಿತು. 1969ರ ಜುಲೈ 16ರಂದು ಚಂದ್ರನೆಡೆಗೆ ಮೂವರು ಮಾನವರು ಹೊರಟದ್ದೂ ಇದೇ ಕಟ್ಟೆಯಿಂದ. ಈ ದಿನ ಹೊರಟವರು ಮಾನವರಲ್ಲ. ಅಂತರ್ಜಾಲದ ಸಂದೇಶಗಳನ್ನು ಹೊತ್ತು ಸಾಗಿಸಬೇಕಾದ 53 ಸ್ಟಾರ್‌ಲಿಂಕ್ ಉಪಗ್ರಹಗಳು. ಅವನ್ನು ಹೊತ್ತ ವಾಹನ ಸ್ಪೇಸ್ ಎಕ್ಸ್ ಎಂಬ ಸಂಸ್ಥೆಯ ಫಾಲ್ಕನ್-9. ನಮ್ಮಲ್ಲಿ ಆಗ ಅಪರಾಹ್ನ 3 ಗಂಟೆ 12 ನಿಮಿಷ. ಊಟ ಮುಗಿಸಿ ನೇರ ಪ್ರಸಾರವನ್ನು ನೋಡಲು ಅನುಕೂಲವಾದ ವೇಳೆ.

ಮೊದಲು ಕಾಣುವುದು ಬೆಳಕು. ಕತ್ತಲೆಯ ಬುಡದಲ್ಲಿ ಕಿತ್ತಳೆ ಬಣ್ಣದ ಉರಿ ಭುಗಿಲೆದ್ದು ಸುತ್ತಲಿನ ಹಿನ್ನೀರೆಲ್ಲ ಬೆಳಗುತ್ತದೆ. ಕಂಬ ಮೇಲೇಳುತ್ತದೆ, ಆದರೆ ಎಷ್ಟು ನಿಧಾನವಾಗಿ! ದೀಪಾವಳಿಯ ಬಾಣವನ್ನು ನೋಡಿ ಅಭ್ಯಾಸವಾದವರಿಗೆ ಇದು ಏರಲಾರದೆ ತಿಣುಕುತ್ತಿದೆಯೋ ಎಂಬ ಶಂಕೆ ಬರುವುದು ಸಹಜ. ಲೆಕ್ಕ ಹಾಕಿ ನೋಡಿದರೆ ಶಂಕೆ ಕಳೆಯುತ್ತದೆ. ಹೊರಡುವಾಗ ವಾಹನದ ರಾಶಿ ಸುಮಾರು 549 ಟನ್ನು. ಇದರ ತೂಕವನ್ನು ಬಲದ ಮಾನದಲ್ಲಿ ಹೇಳಿದರೆ ಸುಮಾರು 5,380 ಕಿಲೋನ್ಯೂಟನ್. ಬುಡದಲ್ಲಿರುವ ಒಂಬತ್ತು ಎಂಜಿನುಗಳು ಒಟ್ಟಾಗಿ ಒದಗಿಸುವ ನೂಕುಬಲ ಸುಮಾರು 7,600 ಕಿಲೋನ್ಯೂಟನ್. ತೂಕವನ್ನು ಎತ್ತಿ ಹಿಡಿಯಲು ಖರ್ಚಾದುದನ್ನು ಕಳೆದರೆ ಉಳಿಯುವುದು 2,220 ಕಿಲೋನ್ಯೂಟನ್. ಅದರಿಂದ ದೊರೆಯುವ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 4 ಮೀಟರು ಮಾತ್ರ. ತನ್ನ ಎತ್ತರವನ್ನೇ ತಾನು ದಾಟಲು ಈ ರಾಕೆಟ್ಟಿಗೆ ಸುಮಾರು ಆರು ಸೆಕೆಂಡು ಬೇಕಾಗುತ್ತದೆ. ಇಂಧನ ಉರಿದು ಹೋಗುತ್ತ ಬಂದಂತೆ ರಾಶಿ ಇಳಿಯುತ್ತದೆ, ನೂಕುಬಲ ಇಳಿಯುವುದಿಲ್ಲ; ಆದ್ದರಿಂದಲೇ ಕ್ಷಣಕ್ಷಣಕ್ಕೂ ಓಟ ಹೆಚ್ಚುತ್ತದೆ.

ಸದ್ದು ಬಹಳ ತಡವಾಗಿ ಬರುತ್ತದೆ. ಪ್ರೇಕ್ಷಕರು ಸಾಮಾನ್ಯವಾಗಿ ನೆರೆಯುವ ಟೈಟಸ್‌ವಿಲ್ ಎಂಬ ಊರು ಕಟ್ಟೆಯಿಂದ ಸುಮಾರು 19 ಕಿಲೋಮೀಟರು ದೂರ, ಹಿನ್ನೀರಿನ ಆಚೆಯ ದಡದಲ್ಲಿದೆ. ಶಬ್ದಕ್ಕೆ ಅಷ್ಟು ದೂರ ನಡೆಯಲು ಹೆಚ್ಚುಕಡಿಮೆ 56 ಸೆಕೆಂಡು ಹಿಡಿಯುತ್ತದೆ. ಗುಡುಗು ಕಿವಿಯನ್ನು ತಲಪುವ ವೇಳೆಗೆ ರಾಕೆಟ್ಟು ಹಲವು ಕಿಲೋಮೀಟರು ಮೇಲೆ ಹೋಗಿರುತ್ತದೆ.

ಆ ದಿನದ ನಿಜವಾದ ಸೊಬಗು ಕಂಡುಬಂದದ್ದು ಇದಾದ ಮೇಲೆ. ರಾಕೆಟ್ಟು ಬಹು ಎತ್ತರಕ್ಕೆ ಹೋದಂತೆ ಅದರ ಬಾಲವು ಹಿಗ್ಗಿ ಹಿಗ್ಗಿ, ಬೆಳ್ಳಗೆ ಹೊಳೆಯುವ ಒಂದು ಗಂಟೆಯ ಆಕಾರವನ್ನು ತಾಳಿತು. ಕಡಲಲ್ಲಿ ತೇಲುವ ಅಂಬಲಿಮೀನನ್ನು ನೋಡಿದವರಿಗೆ ಅದರದೇ ನೆನಪಾಗಬೇಕು. ಅಮೆರಿಕದ ಜನ ಇದನ್ನು ಕರೆಯುವುದೂ ಆ ಪ್ರಾಣಿಯ ಹೆಸರಿನಿಂದಲೇ. ದೂರದ ಊರುಗಳಲ್ಲಿಯೂ ಜನ ಇದನ್ನು ಕಂಡು ಬೆರಗಾದರು. ಇದು ಬೆಂಕಿಯ ಬೆಳಕಲ್ಲ, ಸೂರ್ಯನ ಬೆಳಕು. ನೆಲದ ಮೇಲಿರುವವನಿಗೆ ರಾತ್ರಿ, ರಾಕೆಟ್ಟಿಗೆ ಆಗಲೇ ಬೆಳಗು. ಭೂಮಿಯ ನೆರಳು ನಮ್ಮ ತಲೆಯ ಮೇಲೆ ಎಷ್ಟು ಎತ್ತರದವರೆಗೆ ಹಬ್ಬಿದೆ ಎಂಬುದನ್ನು ತ್ರಿಕೋಣಮಿತಿ ಬಲ್ಲ ವಿದ್ಯಾರ್ಥಿ ಒಂದೇ ಚಿತ್ರದಿಂದ ಕಂಡುಕೊಳ್ಳಬಹುದು. ಸೂರ್ಯನು ದಿಗಂತಕ್ಕಿಂತ ಎಷ್ಟು ಡಿಗ್ರಿ ಕೆಳಗಿರುವನೋ ಆ ಕೋನದ ಕೊಸೈನಿನಿಂದ ಭೂಮಿಯ ತ್ರಿಜ್ಯವನ್ನು ಭಾಗಿಸಿ, ಬಂದುದರಲ್ಲಿ ತ್ರಿಜ್ಯವನ್ನು ಕಳೆದರೆ ನೆರಳಿನ ಎತ್ತರ ಸಿಕ್ಕುತ್ತದೆ. ಕೋನ 12 ಡಿಗ್ರಿಯಾದರೆ ನೆತ್ತಿಯ ಮೇಲೆ ನೆರಳಿನ ಎತ್ತರ ಸುಮಾರು 140 ಕಿಲೋಮೀಟರು. ಸೂರ್ಯನ ದಿಕ್ಕಿಗೆ ಸರಿದಷ್ಟೂ ಅದು ತಗ್ಗುತ್ತದೆ. ಈ ರಾಕೆಟ್ಟು ಹೋದುದು ಈಶಾನ್ಯಕ್ಕೆ. ನೆರಳಿನ ಅಂಚನ್ನು ಅದು ದಾಟಿದೊಡನೆ ಬಾಲದ ಅನಿಲಕ್ಕೂ ಅದರಲ್ಲಿನ ಸೂಕ್ಷ್ಮ ಕಣಗಳಿಗೂ ಬಿಸಿಲು ತಾಕಿತು. ಅಲ್ಲಿ ಒತ್ತಿ ಹಿಡಿಯುವ ಗಾಳಿಯಿಲ್ಲವಾದುದರಿಂದ ಅನಿಲ ಮನಸ್ವೀ ಹರಡಿತು. ಹೊತ್ತು ಇನ್ನೂ ಮುಂಚೆಯಾಗಿದ್ದರೆ ಎಲ್ಲವೂ ನೆರಳಿನಲ್ಲಿಯೇ ನಡೆದುಹೋಗುತ್ತಿತ್ತು. ಸೂರ್ಯ ಹುಟ್ಟಿದ ಮೇಲಾಗಿದ್ದರೆ ಆಕಾಶದ ಬೆಳಕಿನಲ್ಲಿ ಮರೆಯಾಗುತ್ತಿತ್ತು.

ಈ ವಾಹನದ ವಿಶೇಷವನ್ನು ಅರಿಯಬೇಕಾದರೆ ರಾಕೆಟ್ಟುಗಳಿಗೆಲ್ಲ ಸಮಾನವಾದ ಒಂದು ಕಷ್ಟವನ್ನು ಮೊದಲು ತಿಳಿಯಬೇಕು. ಉಪಗ್ರಹವನ್ನು ಮೇಲಕ್ಕೆ ಕೊಂಡೊಯ್ಯುವುದು ದೊಡ್ಡ ಕೆಲಸವಲ್ಲ. ಅದನ್ನು ಅಡ್ಡಲಾಗಿ ಓಡಿಸುವುದು ದೊಡ್ಡ ಕೆಲಸ. 540 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಕ್ಕೆ ಸೆಕೆಂಡಿಗೆ ಸುಮಾರು 7.6 ಕಿಲೋಮೀಟರು ವೇಗವಿರಬೇಕು. "ಅಷ್ಟು ಎತ್ತರದಲ್ಲಿ ಗುರುತ್ವಾಕರ್ಷಣೆ ಇರುವುದಿಲ್ಲ, ಆದ್ದರಿಂದ ಬೀಳುವುದಿಲ್ಲ" ಎಂದು ಪ್ರತಿ ವರ್ಷವೂ ತರಗತಿಯಲ್ಲಿ ಯಾರಾದರೊಬ್ಬರು ಹೇಳದೆ ಬಿಡುವುದಿಲ್ಲ. ಅಲ್ಲಿಯೂ ಆಕರ್ಷಣೆ ನೆಲದ ಮೇಲಿನದರ ಆರರಲ್ಲಿ ಐದು ಪಾಲಿಗಿಂತ ಹೆಚ್ಚಾಗಿಯೇ ಇದೆ. ಉಪಗ್ರಹ ಬೀಳುತ್ತಲೇ ಇರುತ್ತದೆ. ಆದರೆ ಅದು ಬೀಳುವಷ್ಟೇ ಭೂಮಿಯ ಮೈಯೂ ಬಾಗಿ ಕೆಳಗೆ ಸರಿಯುತ್ತದೆ.

ಗಾಳಿಯ ತಡೆ, ಏರುವಾಗ ಗುರುತ್ವದೊಡನೆ ಹೋರಾಡಿದ ನಷ್ಟ, ಇವನ್ನೂ ಸೇರಿಸಿಕೊಂಡರೆ ರಾಕೆಟ್ಟು ಗಳಿಸಬೇಕಾದ ವೇಗ ಸೆಕೆಂಡಿಗೆ 9 ಕಿಲೋಮೀಟರಿಗೂ ಮಿಗುತ್ತದೆ. ಸೀಮೆಎಣ್ಣೆಯ ಸಂಸ್ಕರಿಸಿದ ರೂಪವನ್ನು ದ್ರವ ಆಮ್ಲಜನಕದಲ್ಲಿ ಉರಿಸಿದಾಗ ನಳಿಕೆಯಿಂದ ಹೊರಬೀಳುವ ಅನಿಲದ ವೇಗ ಸುಮಾರು 3 ಕಿಲೋಮೀಟರು. ರಷ್ಯದ ಶಾಲಾ ಉಪಾಧ್ಯಾಯ ತ್ಸಿಯೊಲ್‌ಕೊವ್‌ಸ್ಕಿ 1903ರಲ್ಲಿ ಪ್ರಕಟಿಸಿದ ಸೂತ್ರ ಇಲ್ಲಿ ನಿರ್ದಯವಾಗಿ ಅಡ್ಡ ಬರುತ್ತದೆ. ಅನಿಲದ ವೇಗದಷ್ಟೇ ವೇಗವನ್ನು ರಾಕೆಟ್ಟು ಗಳಿಸಬೇಕಾದರೆ ಅದರ ರಾಶಿ 2.72ರಲ್ಲಿ ಒಂದು ಪಾಲಿಗೆ ಇಳಿಯಬೇಕು. ಎರಡರಷ್ಟು ವೇಗಕ್ಕೆ 7.4ರಲ್ಲಿ ಒಂದು ಪಾಲು; ಮೂರರಷ್ಟಕ್ಕೆ 20ರಲ್ಲಿ ಒಂದು ಪಾಲು. 549 ಟನ್ನಿನ ಇಪ್ಪತ್ತನೆಯ ಒಂದು ಪಾಲು 27 ಟನ್ನು. ತೊಟ್ಟಿ, ಎಂಜಿನು, ಕೊಳವೆಗಳು ಎಲ್ಲವೂ ಅದರಲ್ಲಿಯೇ ಅಡಗಬೇಕು, ಉಪಗ್ರಹಗಳಿಗೆ ಜಾಗವೆಲ್ಲಿ? ಆದ್ದರಿಂದ ವಾಹನವನ್ನು ಎರಡು ಹಂತಗಳಾಗಿ ಕಟ್ಟಿ, ಬರಿದಾದ ಮೊದಲ ಹಂತವನ್ನು ನಡುದಾರಿಯಲ್ಲಿ ಕಳಚಿಬಿಡುವರು. ಹೊರೆ ಕಡಿಮೆಯಾದ ಎರಡನೆಯ ಹಂತ ತನ್ನ ಒಂದೇ ಎಂಜಿನಿನಿಂದ ಮುಂದೆ ಸಾಗುತ್ತದೆ. ಇಷ್ಟಾದರೂ ಕಕ್ಷೆಗೆ ತಲಪಿದ್ದು ಸುಮಾರು 16 ಟನ್ನು ಉಪಗ್ರಹಗಳು, ಹೊರಟ ತೂಕದ ನೂರರಲ್ಲಿ ಮೂರು ಪಾಲು.

ಹೀಗೆ ಕಳಚಿದ ಹಂತಗಳು ಹಿಂದೆಲ್ಲ ಸಮುದ್ರದ ಪಾಲಾಗುತ್ತಿದ್ದುವು. ಚಂದ್ರಯಾತ್ರೆಯ ಸ್ಯಾಟರ್ನ್ ರಾಕೆಟ್ಟುಗಳ ಮೊದಲ ಹಂತಗಳೆಲ್ಲ ಅಟ್ಲಾಂಟಿಕ್ ಸಾಗರದ ತಳ ಸೇರಿದುವು. ಬೆಂಗಳೂರಿನಿಂದ ದೆಹಲಿಗೆ ಹೋದ ವಿಮಾನವನ್ನು ಅಲ್ಲಿಯೇ ಗುಜರಿಗೆ ಹಾಕಿ, ಹಿಂದಿರುಗಲು ಹೊಸದೊಂದನ್ನು ಕಟ್ಟಿಸುವ ಪದ್ಧತಿಯಿದ್ದಿದ್ದರೆ ಟಿಕೆಟ್ಟಿನ ಬೆಲೆ ಏನಾಗುತ್ತಿತ್ತು ಎಂಬುದನ್ನು ವಾಚಕರೇ ಊಹಿಸಿಕೊಳ್ಳಲಿ. 1981ರಿಂದ 2011ರವರೆಗೆ 135 ಬಾರಿ ಹಾರಿದ ಅಮೆರಿಕದ ಷಟಲ್ ವಾಹನವೂ ಮರಳಿ ಬಳಸುವಂಥದೇ. ಆದರೆ ಪ್ರತಿ ಯಾನದ ನಂತರ ಅದನ್ನು ಅಣಿಗೊಳಿಸುವ ವೆಚ್ಚವೇ ವಿಪರೀತವಾಗಿತ್ತು.

ಫಾಲ್ಕನ್-9ರ ಮೊದಲ ಹಂತ ನೆಲ ಬಿಟ್ಟ ಎರಡೂವರೆ ನಿಮಿಷಗಳ ಸುಮಾರಿಗೆ, 65ರಿಂದ 70 ಕಿಲೋಮೀಟರು ಎತ್ತರದಲ್ಲಿ ಕಳಚಿಕೊಳ್ಳುತ್ತದೆ. ಆಗ ಅದರ ವೇಗ ಸೆಕೆಂಡಿಗೆ 2.2 ಕಿಲೋಮೀಟರಿನಷ್ಟು. ಈ ಅಂಕಿಯನ್ನು ಗಮನದಲ್ಲಿಡಬೇಕು. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾದುದರಿಂದ, ಪ್ರತಿ ಕಿಲೋಗ್ರಾಮಿಗೆ ಈ ಹಂತದಲ್ಲಿರುವ ಚಲನಶಕ್ತಿ ಕಕ್ಷೆಯಲ್ಲಿರುವ ವಸ್ತುವಿನದರ ಹನ್ನೆರಡನೆಯ ಒಂದು ಪಾಲು ಮಾತ್ರ. ಗಾಳಿಯೊಳಕ್ಕೆ ಮರಳಿ ಬರುವಾಗ ಶಾಖವಾಗಿ ಮಾರ್ಪಟ್ಟು ವಸ್ತುವನ್ನು ಸುಡುವುದು ಈ ಶಕ್ತಿಯೇ. ಮೊದಲ ಹಂತವನ್ನು ಉಳಿಸಿಕೊಳ್ಳಲು ಸಾಧ್ಯವಾಗಿ, ಎರಡನೆಯದನ್ನು ಈಗಲೂ ಪ್ರತಿ ಸಲ ಕಳೆದುಕೊಳ್ಳುತ್ತಿರುವುದಕ್ಕೆ ಮುಖ್ಯ ಕಾರಣ ಇದು.

ಕಳಚಿದ ಹಂತ ಕೂಡಲೇ ಬೀಳುವುದಿಲ್ಲ. ಎಸೆದ ಕಲ್ಲಿನಂತೆ ಇನ್ನೂ ಮೇಲೇರಿ, ನೂರು ಕಿಲೋಮೀಟರಿಗೂ ಹೆಚ್ಚಿನ ಎತ್ತರವನ್ನು ಮುಟ್ಟಿ ಇಳಿಯತೊಡಗುತ್ತದೆ. ಅಷ್ಟರೊಳಗೆ ಸಾರಜನಕದ ಸಣ್ಣ ಚಿಮ್ಮುಗಳಿಂದ ತನ್ನನ್ನು ತಿರುಗಿಸಿಕೊಂಡು ಎಂಜಿನುಗಳನ್ನು ಮುಂದೆ ಮಾಡಿಕೊಳ್ಳುತ್ತದೆ. ಉಷಃಕಾಲದ ಉಡಾವಣೆಗಳಲ್ಲಿ ಈ ಚಿಮ್ಮುಗಳು ಕೂಡ ಬಿಸಿಲಿಗೆ ಸಿಕ್ಕಿ ಪುಟ್ಟ ಮಂಜಿನ ಉಂಗುರಗಳಂತೆ ಕಾಣುವುದುಂಟು. ದಟ್ಟವಾದ ಗಾಳಿ ಎದುರಾಗುವ ಮುನ್ನ ಮೂರು ಎಂಜಿನುಗಳು ಸ್ವಲ್ಪ ಹೊತ್ತು ಮತ್ತೆ ಉರಿದು ವೇಗವನ್ನು ತಗ್ಗಿಸುತ್ತವೆ. ಮುಂದಕ್ಕೆ ಚಿಮ್ಮಿದ ಅನಿಲವು ಎದುರುಗಾಳಿಗೆ ಗುರಾಣಿಯಾಗಿಯೂ ನಿಲ್ಲುತ್ತದೆ. ಅನಂತರದ ಸಾರಥ್ಯ ಮೇಲ್ತುದಿಯಲ್ಲಿರುವ ನಾಲ್ಕು ಟೈಟೇನಿಯಮ್ ಜಾಲರಿ ರೆಕ್ಕೆಗಳದು. ಎಂಜಿನನ್ನು ಹೊತ್ತಿಸಲು ಬೆಂಕಿಕಡ್ಡಿಯ ಕೆಲಸ ಮಾಡುವುದು ಗಾಳಿ ಸೋಕಿದರೆ ತಾನಾಗಿಯೇ ಉರಿಯುವ ಒಂದು ದ್ರವ. ಅದರಲ್ಲಿ ಬೋರಾನ್ ಇರುವುದರಿಂದ ಹೊತ್ತಿದ ಕ್ಷಣ ಹಸಿರು ಮಿಂಚೊಂದು ಕಾಣುತ್ತದೆ. ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಬೋರೇಟಿನ ಹಸಿರು ಜ್ವಾಲೆಯನ್ನು ಕಂಡವರಿಗೆ ಇದು ಹಳೆಯ ಪರಿಚಯ.

ಕೊನೆಯ ಅರ್ಧ ನಿಮಿಷವೇ ನನ್ನ ಅಭಿಪ್ರಾಯದಲ್ಲಿ ಇಡೀ ದೃಶ್ಯದ ತಿರುಳು. ಏರುವಿಕೆಯನ್ನು ನೋಡಿ ಎದ್ದು ಹೋಗುವವರು ಅರ್ಧವನ್ನೂ ನೋಡಿದಂತಲ್ಲ. ಇಳಿಯಬೇಕಾದ ಸ್ಥಳ ದಡದಿಂದ ಸುಮಾರು 600 ಕಿಲೋಮೀಟರು ದೂರದಲ್ಲಿ, ನಡುಗಡಲಿನಲ್ಲಿ ಜನರಿಲ್ಲದೆ ನಿಂತ ಒಂದು ಚಪ್ಪಟೆಯ ದೋಣಿ. ಇಳಿಸಲು ಸಾಮಾನ್ಯವಾಗಿ ನಡುವಿನ ಒಂದೇ ಎಂಜಿನು ಉರಿಯುತ್ತದೆ. ಇಲ್ಲೊಂದು ವಿಚಿತ್ರ ತೊಡಕುಂಟು. ಬರಿದಾದ ಹಂತ ಎಷ್ಟು ಹಗುರವೆಂದರೆ, ಆ ಒಂದು ಎಂಜಿನನ್ನು ಎಷ್ಟು ತಗ್ಗಿಸಿ ಉರಿಸಿದರೂ ನೂಕುಬಲ ತೂಕಕ್ಕಿಂತ ಹೆಚ್ಚೇ ಆಗುತ್ತದೆ. ಹದ್ದಿನಂತೆ ಒಂದೆಡೆ ತೇಲಿ ನಿಂತು, ಜಾಗ ನೋಡಿಕೊಂಡು ಮೆಲ್ಲಗೆ ಇಳಿಯುವ ಅವಕಾಶ ಇದಕ್ಕಿಲ್ಲ. ವೇಗ ಸೊನ್ನೆಯಾಗುವ ಕ್ಷಣವೂ ಎತ್ತರ ಸೊನ್ನೆಯಾಗುವ ಕ್ಷಣವೂ ಒಂದೇ ಆಗಿರಬೇಕು.

ಈ ಮಾತಿನ ಬಿಕ್ಕಟ್ಟನ್ನು ಒಂದು ಲೆಕ್ಕದಿಂದ ತಿಳಿಯೋಣ. ರಾಕೆಟ್ಟು ಸೆಕೆಂಡಿಗೆ 250 ಮೀಟರು ವೇಗದಲ್ಲಿ ಬೀಳುತ್ತಿದೆಯೆಂದೂ, ಎಂಜಿನು ಉರಿದಾಗ ಆ ವೇಗ ಸೆಕೆಂಡಿಗೆ 10 ಮೀಟರಿನಂತೆ ಕುಂದುವುದೆಂದೂ ಇಟ್ಟುಕೊಳ್ಳಿ. ನಿಲ್ಲಲು 25 ಸೆಕೆಂಡು ಬೇಕು; ಅಷ್ಟರಲ್ಲಿ ಕ್ರಮಿಸುವ ದೂರ 3,125 ಮೀಟರು. ಅಂದರೆ ಆ ಎತ್ತರದಲ್ಲಿ ಎಂಜಿನು ಹೊತ್ತಬೇಕು. ಒಂದು ಸೆಕೆಂಡು ತಡವಾಯಿತೆನ್ನಿ. ರಾಕೆಟ್ಟು 250 ಮೀಟರು ಕೆಳಗೆ ಬಂದಿರುತ್ತದೆ; ಉಳಿದ ದೂರದಲ್ಲಿ ವೇಗ ಪೂರ್ತಿ ಕಳೆಯುವುದಿಲ್ಲ; ದೋಣಿಯನ್ನು ಅದು ಸೆಕೆಂಡಿಗೆ 70 ಮೀಟರು, ಎಂದರೆ ಗಂಟೆಗೆ 250 ಕಿಲೋಮೀಟರು ವೇಗದಿಂದ ಅಪ್ಪಳಿಸುತ್ತದೆ! ವಾಸ್ತವದಲ್ಲಿ ಗಣಕಯಂತ್ರ ಕ್ಷಣಕ್ಷಣಕ್ಕೂ ಅಳೆದು ಉರಿಯನ್ನು ಏರಿಳಿಸುವುದರಿಂದ ಇಂಥ ಸಣ್ಣ ವ್ಯತ್ಯಾಸಗಳು ಸರಿಹೋಗುತ್ತವೆ. ಆದರೂ ತಿದ್ದಿಕೊಳ್ಳಲು ದೊರೆಯುವ ಎಡೆ ಬಲು ಕಿರಿದು. 2015ರ ಜನವರಿ 10ರಂದು ನಡೆದ ಮೊದಲ ಯತ್ನದಲ್ಲಿ ಜಾಲರಿ ರೆಕ್ಕೆಗಳನ್ನು ಆಡಿಸುವ ದ್ರವ ತೀರಿಹೋಗಿ ಹಂತವು ದೋಣಿಗೆ ಓರೆಯಾಗಿ ಬಡಿಯಿತು. ಅದೇ ಏಪ್ರಿಲಿನಲ್ಲಿ ಒಂದು ಕವಾಟ ಸಕಾಲಕ್ಕೆ ಸ್ಪಂದಿಸದೆ, ಇಳಿದದ್ದು ಉರುಳಿತು. ಕಡೆಗೆ ಆ ವರ್ಷದ ಡಿಸೆಂಬರ್ 21ರಂದು ನೆಲದ ಮೇಲೂ, 2016ರ ಏಪ್ರಿಲ್ 8ರಂದು ಕಡಲ ದೋಣಿಯ ಮೇಲೂ ನೆಟ್ಟಗೆ ಇಳಿಯಿತು. ಇಳಿದದ್ದನ್ನು ಎರಡನೆಯ ಸಲ ಹಾರಿಸಿದ್ದು 2017ರ ಮಾರ್ಚ್ 30ರಂದು.

ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಇಳಿಯುವುದಕ್ಕೆಂದು ಉಳಿಸಿಕೊಂಡ ಇಂಧನ, ನಾಲ್ಕು ಕಾಲುಗಳು, ರೆಕ್ಕೆಗಳು ಇವೆಲ್ಲ ಹೊರೆಯೇ. ಹಂತವನ್ನು ಬಿಟ್ಟುಕೊಡುವುದಾದರೆ 22 ಟನ್ನಿಗೂ ಹೆಚ್ಚು ಸರಕನ್ನು ಕೆಳಕಕ್ಷೆಗೆ ಒಯ್ಯಬಲ್ಲ ವಾಹನ, ಹಿಂದಕ್ಕೆ ಪಡೆಯುವುದಾದರೆ 17 ಟನ್ನಿನ ಸುಮಾರಿಗೆ ತೃಪ್ತಿಪಡಬೇಕು. ಐದಾರು ಟನ್ನನ್ನು ಬಿಟ್ಟು ಒಂಬತ್ತು ಎಂಜಿನುಗಳನ್ನು ಉಳಿಸಿಕೊಳ್ಳುವ ವ್ಯಾಪಾರ ಲಾಭದ್ದೇ ಎಂಬುದಕ್ಕೆ ಆ ಮೇ ತಿಂಗಳ ರಾಕೆಟ್ಟೇ ಸಾಕ್ಷಿ. ಅದರ ಮೊದಲ ಹಂತ 2020ರ ಮೇ 30ರಂದು ಬೆಂಕೆನ್ ಮತ್ತು ಹರ್ಲಿ ಎಂಬಿಬ್ಬರು ಗಗನಯಾತ್ರಿಗಳನ್ನು ಅಂತರಿಕ್ಷಕ್ಕೆ ಒಯ್ದದ್ದೇ. 2022ರಲ್ಲಿ ನಾವು ನೋಡಿದ್ದು ಅದರ 12ನೆಯ ಯಾನ. ನೆಲ ಬಿಟ್ಟ ಎಂಟೂವರೆ ನಿಮಿಷಗಳ ಸುಮಾರಿಗೆ ಅದು ಮಸಿ ಹಿಡಿದ ಮೈಯೊಡನೆ ದೋಣಿಯ ಮೇಲೆ ನಿಂತಿತು. 2023ರ ಡಿಸೆಂಬರ್ 23ರಂದು 19ನೆಯ ಬಾರಿ ಹಾರಿ ಇಳಿದ ಮೇಲೆ, ದಡಕ್ಕೆ ಬರುವ ದಾರಿಯಲ್ಲಿ ಬಿರುಗಾಳಿಗೂ ಎತ್ತರದ ಅಲೆಗಳಿಗೂ ಸಿಕ್ಕಿ ದೋಣಿಯ ಮೇಲೆಯೇ ಉರುಳಿ ಮುರಿಯಿತು. ಹತ್ತೊಂಬತ್ತು ಬಾರಿ ಅಂತರಿಕ್ಷದ ಅಂಚನ್ನು ಮುಟ್ಟಿ ಬಂದದ್ದನ್ನು ಕೆಡವಿದ್ದು ಸಾಧಾರಣವಾದ ಕಡಲಗಾಳಿ. 2025ರ ಆಗಸ್ಟಿನಲ್ಲಿ ಇದರ ಜಾತಿಯ ಇನ್ನೊಂದು ಹಂತ 30ನೆಯ ಯಾನವನ್ನು ಮುಗಿಸಿತು.

ಇತ್ತ ಎರಡನೆಯ ಹಂತ ಸುಮಾರು ಒಂಬತ್ತು ನಿಮಿಷಗಳೊಳಗೆ ಕಕ್ಷೆಗೆ ಸೇರುತ್ತದೆ. ಉಪಗ್ರಹಗಳನ್ನು ಇಸ್ಪೀಟಿನ ಎಲೆಗಳಂತೆ ಒಂದರ ಮೇಲೊಂದು ಒಟ್ಟಿ ಸರಳುಗಳಿಂದ ಬಿಗಿದಿರುತ್ತಾರೆ. ಹಂತವು ಮೆಲ್ಲಗೆ ತಿರುಗುತ್ತಿರುವಾಗ ಸರಳುಗಳು ಕಳಚಿದರೆ ಎಲೆಗಳು ತಾವಾಗಿ ಬೇರೆ ಬೇರೆಯಾಗುತ್ತವೆ. ಪ್ರತಿಯೊಂದೂ ಸುಮಾರು 300 ಕಿಲೋಗ್ರಾಮು. ಬಳಿಕ ಕ್ರಿಪ್ಟಾನ್ ಅನಿಲದ ಅಯಾನುಗಳನ್ನು ಚಿಮ್ಮುವ ಪುಟ್ಟ ಎಂಜಿನಿನ ನೆರವಿನಿಂದ ವಾರಗಟ್ಟಲೆ ಸಾಗಿ ತಮ್ಮ ನಿಜವಾದ ಎತ್ತರಕ್ಕೇರುತ್ತವೆ.

ಇಷ್ಟು ಉಪಗ್ರಹಗಳೇಕೆ? ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರು ಎತ್ತರದಲ್ಲಿ, ಭೂಮಿಯೊಡನೆ ಸಮನಾಗಿ ಸುತ್ತುವ ಮೂರು ಉಪಗ್ರಹಗಳಿದ್ದರೆ ಧ್ರುವಪ್ರದೇಶಗಳನ್ನುಳಿದು ಜಗತ್ತನ್ನೆಲ್ಲ ನೋಡಬಹುದೆಂದು ಆರ್ಥರ್ ಕ್ಲಾರ್ಕ್ 1945ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದರು. ತೊಂದರೆಯಿರುವುದು ಬೆಳಕಿನ ವೇಗದಲ್ಲಿ. ಪ್ರಶ್ನೆ ಮೇಲೆ ಹೋಗಿ ಕೆಳಗಿಳಿಯಬೇಕು, ಉತ್ತರವೂ ಹಾಗೆಯೇ ಬರಬೇಕು. ಒಟ್ಟು ನಾಲ್ಕು ಸಲದ ದಾರಿ. ಭೂಸ್ಥಿರ ಉಪಗ್ರಹಕ್ಕೆ ಇದು ಒಂದು ಲಕ್ಷ ನಲವತ್ತು ಸಾವಿರ ಕಿಲೋಮೀಟರಿಗೂ ಹೆಚ್ಚು. ಬೆಳಕಿಗೂ ಸುಮಾರು ಅರ್ಧ ಸೆಕೆಂಡು ಬೇಕು. ಸಂಭಾಷಣೆಯಲ್ಲಿ ಅರ್ಧ ಸೆಕೆಂಡಿನ ತಡ ಬಹಳ ಕಿರಿಕಿರಿಯದು. 540 ಕಿಲೋಮೀಟರು ಎತ್ತರದಲ್ಲಿದ್ದರೆ ತಡ ಸೆಕೆಂಡಿನ ಸಾವಿರದಲ್ಲಿ ಏಳು ಪಾಲು ಮಾತ್ರ. ಆದರೆ ಕೆಳಗಿರುವ ಉಪಗ್ರಹಕ್ಕೆ ಕಾಣುವ ನೆಲ ಚಿಕ್ಕದು. 95 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುವ ಅದು ಒಂದು ಊರಿನ ಮೇಲಿರುವುದು ಕೆಲವೇ ನಿಮಿಷ. ಒಂದು ಮರೆಯಾಗುವ ಮುನ್ನ ಇನ್ನೊಂದು ಬಂದು ಕೈಗೆ ಕೈ ಕೊಡಬೇಕಾದುದರಿಂದ ಸಾವಿರಗಟ್ಟಲೆ ಬೇಕಾಗುತ್ತವೆ. ಹೀಗೆ ಉಡಾಯಿಸಿದ ಸ್ಟಾರ್‌ಲಿಂಕ್‌ಗಳ ಒಟ್ಟು ಸಂಖ್ಯೆ 2025ರ ಅಕ್ಟೋಬರಿನಲ್ಲಿ 10,000ವನ್ನು ದಾಟಿತು. ಮರಳಿ ಬರುವ ರಾಕೆಟ್ಟು ಇಲ್ಲದಿದ್ದರೆ ಈ ಕೆಲಸಕ್ಕೆ ಯಾರೂ ಕೈ ಹಾಕುತ್ತಿರಲಿಲ್ಲ.

ಕೆಳಕಕ್ಷೆಯ ಅಪಾಯಕ್ಕೆ 2022ರ ಫೆಬ್ರವರಿ ಒಂದು ಪಾಠ. ಆ ತಿಂಗಳ 3ರಂದು ಹಾರಿದ 49 ಉಪಗ್ರಹಗಳನ್ನು ಸುಮಾರು 210 ಕಿಲೋಮೀಟರು ಎತ್ತರದಲ್ಲಿ ಬಿಟ್ಟಿದ್ದರು. ಮರುದಿನ ಸೂರ್ಯನಿಂದೆದ್ದ ಕಾಂತಕ್ಷೋಭೆ ಭೂಮಿಯನ್ನು ತಾಗಿತು. ಮೇಲಿನ ವಾಯುಮಂಡಲ ಕಾದು ಉಬ್ಬಿ, ಆ ಎತ್ತರದಲ್ಲಿ ಗಾಳಿಯ ಸಾಂದ್ರತೆ ಹೆಚ್ಚಿತು. ಅದರ ತಡೆಯನ್ನು ಮೀರಲಾರದೆ ಸುಮಾರು 40 ಉಪಗ್ರಹಗಳು ಬಿದ್ದು ಉರಿದುಹೋದುವು. ಅದೇ ಗಾಳಿ ಇನ್ನೊಂದು ರೀತಿಯಲ್ಲಿ ಜಾಡಮಾಲಿಯೂ ಹೌದು. ಕೆಟ್ಟುನಿಂತ ಉಪಗ್ರಹವೊಂದು ಈ ಎತ್ತರಗಳಲ್ಲಿದ್ದರೆ ಕೆಲವು ವರ್ಷಗಳಲ್ಲಿ ತಾನೇ ಇಳಿದು ಸುಟ್ಟುಹೋಗುತ್ತದೆ. ಸಾವಿರ ಕಿಲೋಮೀಟರಿಗೂ ಮೇಲಿದ್ದರೆ ಶತಮಾನಗಳ ಕಾಲ ಸುತ್ತುತ್ತಲೇ ಇರುತ್ತದೆ. 2009ರ ಫೆಬ್ರವರಿ 10ರಂದು ಎರಡು ಉಪಗ್ರಹಗಳು ಸುಮಾರು 790 ಕಿಲೋಮೀಟರು ಎತ್ತರದಲ್ಲಿ ಡಿಕ್ಕಿ ಹೊಡೆದು ಸಾವಿರಾರು ಚೂರುಗಳಾದುದನ್ನು ಮರೆಯುವಂತಿಲ್ಲ.

ಖಗೋಳಜ್ಞರ ಅಳಲು ಬೇರೆಯದು. ಚಿಲಿ ದೇಶದ ವೇರಾ ರೂಬಿನ್ ವೀಕ್ಷಣಾಲಯದಂಥ ವಿಶಾಲ ನೋಟದ ದೂರದರ್ಶಕಗಳ ಚಿತ್ರಗಳಲ್ಲಿ, ಮುಸ್ಸಂಜೆ ಮತ್ತು ಉಷಃಕಾಲಗಳಲ್ಲಿ, ಉಪಗ್ರಹಗಳು ಬಿಳಿಯ ಗೀರುಗಳನ್ನು ಎಳೆಯುತ್ತವೆ. ಭೂಮಿಯ ಹತ್ತಿರ ಬರುವ ಸಣ್ಣ ಗ್ರಹಗಳನ್ನು ಹುಡುಕಬೇಕಾದ ವೇಳೆಯೂ ಅದೇ. ಉಪಗ್ರಹಗಳಿಗೆ ಕಪ್ಪು ಲೇಪ, ಬಿಸಿಲು ಮರೆ, ಬೆಳಕನ್ನು ಬೇರೆಡೆಗೆ ತಿರುಗಿಸುವ ಹೊದಿಕೆ ಮೊದಲಾದುವನ್ನು ತಯಾರಕರು ಪ್ರಯೋಗಿಸಿ ನೋಡಿದ್ದಾರೆ. ಹೊಳಪು ಕುಗ್ಗಿದೆ, ಅಳಿದಿಲ್ಲ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2022ರಲ್ಲಿ ಇದಕ್ಕಾಗಿಯೇ ಒಂದು ಕೇಂದ್ರವನ್ನು ತೆರೆಯಬೇಕಾಯಿತು. ಇನ್ನೊಂದು ಪಕ್ಷವನ್ನೂ ಹೇಳಬೇಕು. 2022ರ ಜನವರಿಯಲ್ಲಿ ಅಗ್ನಿಪರ್ವತ ಸಿಡಿದು ಟೋಂಗ ದ್ವೀಪಗಳ ಕಡಲಡಿಯ ತಂತಿ ತುಂಡಾದಾಗ, ತಮ್ಮವರು ಬದುಕಿದ್ದಾರೆಯೇ ಎಂದು ತಿಳಿಯಲು ಹೊರಗಿದ್ದವರಿಗೆ ದಾರಿಯಿರಲಿಲ್ಲ. ಅಲ್ಲಿ ಆಸರೆಯಾದದ್ದು ಉಪಗ್ರಹಗಳೇ. ಆಕಾಶ ಎಲ್ಲರ ಸ್ವತ್ತೆಂದ ಮೇಲೆ ಅದನ್ನು ಎಷ್ಟು ತುಂಬಬಹುದೆಂಬುದನ್ನು ತುಂಬುವವರೊಬ್ಬರೇ ನಿರ್ಧರಿಸುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ನಮ್ಮ ನಾಡಿಗೂ ಈ ಕತೆಗೂ ಎರಡು ನಂಟುಗಳುಂಟು. ಇಸ್ರೋ ಸಂಸ್ಥೆಯ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ರೂಪುಗೊಂಡ 4,700 ಕಿಲೋಗ್ರಾಮಿನ ಜಿಸ್ಯಾಟ್-ಎನ್2 ಎಂಬ ಅಂತರ್ಜಾಲ ಉಪಗ್ರಹ, ನಮ್ಮ ರಾಕೆಟ್ಟುಗಳಿಗೆ ಹೊರಲಾರದಷ್ಟು ಭಾರವಾದುದರಿಂದ, 2024ರ ನವೆಂಬರಿನಲ್ಲಿ ಫಾಲ್ಕನ್-9ರ ಮೇಲೆಯೇ ಹೋಯಿತು. ಇನ್ನು ಮರಳಿ ಬರುವ ವಾಹನದ ನಮ್ಮದೇ ಪ್ರಯೋಗ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ನಡೆದಿದೆ. ರೆಕ್ಕೆಗಳುಳ್ಳ 'ಪುಷ್ಪಕ್'ವನ್ನು ಹೆಲಿಕಾಪ್ಟರು ಸುಮಾರು ನಾಲ್ಕೂವರೆ ಕಿಲೋಮೀಟರು ಎತ್ತರದಿಂದ ಬಿಡಲು, ಅದು ತಾನೇ ದಾರಿ ಹಿಡಿದು ಓಡುದಾರಿಗೆ ಇಳಿಯಿತು. 2023ರಲ್ಲಿ ಒಮ್ಮೆ, 2024ರಲ್ಲಿ ಎರಡು ಬಾರಿ ಹೀಗೆ ಇಳಿಸಲಾಗಿದೆ.

ಫ್ಲಾರಿಡಕ್ಕೆ ಹೋಗಲಾರದವರಿಗೆ ಒಂದು ಸಮಾಧಾನವಿದೆ. ಈ ಉಪಗ್ರಹಗಳ ಕಕ್ಷೆ ಭೂಮಧ್ಯರೇಖೆಗೆ 53 ಡಿಗ್ರಿಯಷ್ಟು ಓರೆಯಾಗಿರುವುದರಿಂದ ಕರ್ಣಾಟಕದ ಆಕಾಶವೂ ಅವುಗಳ ದಾರಿಯೇ. ಉಡಾವಣೆಯಾದ ಮೊದಲ ಕೆಲವು ದಿನ ಅವು ಇನ್ನೂ ಚದರದೆ, ದಾರದಲ್ಲಿ ಪೋಣಿಸಿದ ಮಣಿಗಳಂತೆ ಸಾಲಾಗಿ ಹೋಗುತ್ತವೆ. ಸೂರ್ಯಾಸ್ತದ ನಂತರ ಅಥವಾ ಸೂರ್ಯೋದಯದ ಮುಂಚೆ ಒಂದೂಕಾಲು ಗಂಟೆಯೊಳಗೆ ನೋಡುವುದು ಒಳ್ಳೆಯದು. ಸಂಜೆಯ ಸಾಲು ಎಷ್ಟೋ ವೇಳೆ ನಡು ಆಕಾಶದಲ್ಲಿಯೇ ಒಂದೊಂದಾಗಿ ಆರುತ್ತದೆ. ಅದು ಭೂಮಿಯ ನೆರಳನ್ನು ಹೊಕ್ಕಿತೆಂದು ಅರ್ಥ. ನೆತ್ತಿಯ ಬಳಿ ಆರಿದರೆ ಗಡಿಯಾರವನ್ನು ನೋಡಿ ಬರೆದಿಟ್ಟುಕೊಳ್ಳಿ. ನಮ್ಮಲ್ಲಿ ಸೂರ್ಯಾಸ್ತವಾದ ಸುಮಾರು 75 ನಿಮಿಷಗಳಿಗೆ ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿರುತ್ತಾನೆ. ಮೇಲೆ ಹೇಳಿದ ಕೊಸೈನಿನ ಲೆಕ್ಕವನ್ನೇ ಮಾಡಿದರೆ, ಆ ಹೊತ್ತಿಗೆ ನೆತ್ತಿಯಲ್ಲಿ ಆರಿದ ಸಾಲಿನ ಎತ್ತರ ಸುಮಾರು 330 ಕಿಲೋಮೀಟರು ಎಂದು ದೊರೆಯುತ್ತದೆ. ಕೆಲವು ದಿನಗಳ ಮೇಲೆ ಅದೇ ಸಾಲನ್ನು ಮತ್ತೆ ಹಿಡಿಯಲು ಸಾಧ್ಯವಾದರೆ, ಈ ನಡುವೆ ಅದು ಎಷ್ಟು ಮೇಲೇರಿದೆ ಎಂಬುದನ್ನೂ ಹೀಗೆಯೇ ಅಳೆಯಬಹುದು.